65,536ನೇ ಸಾಲಿನ ಆಚೆಗಿನ ಮಕ್ಕಳು

ಕಳೆದ ವರ್ಷ ಅಕ್ಟೋಬರ್‌ನ ಒಂದು ಮಧ್ಯಾಹ್ನ. ಕೊಚ್ಚಿಯಲ್ಲಿ ತುಲಾವರ್ಷದ ಗುಡುಗು ಶುರುವಾಗಿತ್ತು. ಕಾಕ್ಕನಾಡಿನ ನಮ್ಮ ಆಫೀಸಿನಲ್ಲಿ ಕರೆಂಟು ಹೋಗುವುದು, ಬರುವುದು ನಡೆದಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ವಯನಾಡಿನ ಸುಲ್ತಾನ್ ಬತ್ತೇರಿ ತಾಲ್ಲೂಕಿನ ಒಂದು ಶಾಲೆಯ ಮುಖ್ಯೋಪಾಧ್ಯಾಯರು. ನನ್ನ ಮಲಯಾಳ ಎರಡು ವಾಕ್ಯ ಕೇಳಿದ್ದೇ ತಡ, "ಕನ್ನಡದವರಾ?" ಎಂದು ಅವರೇ ಕನ್ನಡಕ್ಕೆ ಇಳಿದರು. ಅವರ ತಂದೆ ಗುಂಡ್ಲುಪೇಟೆ ಕಡೆ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುತ್ತಿದ್ದರಂತೆ. ಕುಶಲ ಮುಗಿದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ನಮ್ಮ ಮಕ್ಕಳು ಎಲ್ಲಿ ಹೋದ್ರು ಸರ್? ಪಟ್ಟಿಯಲ್ಲಿ ನಮ್ಮ ಶಾಲೆಯವರು ಒಬ್ಬರೂ ಇಲ್ಲ."

ನಾನು ಕೆಲಸ ಮಾಡುವುದು ಹೇಳಿಕೊಳ್ಳುವಷ್ಟು ದೊಡ್ಡದಲ್ಲದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ. ಸಾಗರದ ಹುಡುಗ, ಸುರತ್ಕಲ್ಲಿನಲ್ಲಿ ಎಂಟೆಕ್ ಮುಗಿಸಿ ಬೆಂಗಳೂರು ದಾಟಿ ಕೊಚ್ಚಿ ಸೇರಿ ಆರು ವರ್ಷವಾಯಿತು. ತಿರುವನಂತಪುರದ ಒಂದು ಸಂಸ್ಥೆ ಬಡ ಶಾಲಾ ಮಕ್ಕಳಿಗೆ ಪುಸ್ತಕ, ಬಟ್ಟೆಗೆಂದು ವರ್ಷಕ್ಕೊಮ್ಮೆ ಸಣ್ಣ ಮೊತ್ತ ಕೊಡುತ್ತದೆ. ಶಾಲೆಗಳಿಂದ ಬಂದ ಅರ್ಜಿಗಳನ್ನು ಒಟ್ಟುಗೂಡಿಸಿ, ಎರಡೆರಡು ಸಲ ಬಂದ ಹೆಸರು ತೆಗೆದು, ಬ್ಯಾಂಕ್ ಖಾತೆ ಸರಿ ಇದೆಯೇ ನೋಡಿ, ಅಂತಿಮ ಪಟ್ಟಿಯನ್ನು ಅವರ ಪೋರ್ಟಲ್‌ಗೆ ಏರಿಸುವುದು ನಮ್ಮ ಕೆಲಸ. ಆ ವರ್ಷದ ಪಟ್ಟಿಯಲ್ಲಿ 68,911 ಮಕ್ಕಳಿದ್ದರು.

ಫೋನ್ ಇಟ್ಟು ನನ್ನ ಲ್ಯಾಪ್‌ಟಾಪಿನ ಮೂಲ ಫೈಲ್ ತೆರೆದೆ. ಆ ಶಾಲೆಯ ಮಕ್ಕಳೆಲ್ಲ ಅಲ್ಲಿದ್ದರು. ಪೋರ್ಟಲ್‌ಗೆ ಏರಿಸಿದ ಫೈಲ್ ತೆರೆದು ಕೊನೆಯ ಸಾಲಿಗೆ ಹೋದೆ. ಸಾಲಿನ ಸಂಖ್ಯೆ 65,536. ಕಂಪ್ಯೂಟರ್ ಓದಿದ ಯಾರಿಗೇ ಆದರೂ ಆ ಸಂಖ್ಯೆ ನೋಡಿದರೆ ಹೊಟ್ಟೆಯೊಳಗೆ ತಣ್ಣಗಾಗುತ್ತದೆ. ಎರಡನ್ನು ಹದಿನಾರು ಸಲ ಗುಣಿಸಿದರೆ ಬರುವ ಸಂಖ್ಯೆ ಅದು. ಅಷ್ಟು ಕರಾರುವಾಕ್ಕಾದ ಜಾಗದಲ್ಲಿ ಒಂದು ಪಟ್ಟಿ ಆಕಸ್ಮಿಕವಾಗಿ ಮುಗಿಯುವುದಿಲ್ಲ.

ಆಗಿದ್ದು ಇಷ್ಟು. ನಾವು ಬಳಸುವುದು ಲಿಬ್ರೆಆಫೀಸ್ ಕ್ಯಾಲ್ಕ್. ಪೋರ್ಟಲ್ ತೆಗೆದುಕೊಳ್ಳುವುದು ಎಕ್ಸ್‌ಎಲ್‌ಎಸ್ ಮಾತ್ರ. ಅಂದರೆ ಎಕ್ಸೆಲ್‌ನ 97ರಿಂದ 2003ರವರೆಗಿನ ಆವೃತ್ತಿಗಳ ಹಳೆಯ ಫೈಲ್ ಮಾದರಿ. ಕೊನೆಗೆ ಇನ್ನೊಂದು ಎಕ್ಸ್ ಸೇರಿಸಿಕೊಂಡ ಈಗಿನದ್ದಲ್ಲ. ಆ ಹಳೆಯ ಮಾದರಿಯ ಒಂದು ಹಾಳೆಯಲ್ಲಿ 65,536 ಸಾಲು, 256 ಕಾಲಂ ಹಿಡಿಯುತ್ತವೆ, ಅಷ್ಟೇ. 2007ರಲ್ಲಿ ಬಂದ ಹೊಸ ಮಾದರಿಯಲ್ಲಿ 10,48,576 ಸಾಲು, 16,384 ಕಾಲಂಗಳಿಗೆ ಜಾಗವಿದೆ. ಕ್ಯಾಲ್ಕ್ ಕೂಡ 2011ರಿಂದ ಹತ್ತು ಲಕ್ಷ ದಾಟಿದ ಸಾಲುಗಳನ್ನು ತಾಳಿಕೊಳ್ಳುತ್ತದೆ. ಹಾಗಾಗಿ ನನ್ನ ಪರದೆಯ ಮೇಲೆ 68,911 ಮಕ್ಕಳೂ ಆರಾಮವಾಗಿ ಕುಳಿತಿದ್ದರು. ಹಳೆಯ ಮಾದರಿಗೆ ಇಳಿಸುವಾಗ ತಲೆಬರಹದ ಸಾಲು ಹಿಡಿದು 65,536 ಉಳಿದವು, ಮಿಕ್ಕ 3,376 ಹೊರಗೆ ಬಿದ್ದವು.

ಹೊರಗೆ ಬಿದ್ದವರು ಯಾರು? ಪಟ್ಟಿಯನ್ನು ಜಿಲ್ಲೆವಾರು ಇಂಗ್ಲಿಷ್ ಅಕ್ಷರಕ್ರಮದಲ್ಲಿ ಜೋಡಿಸಿದ್ದೆ. ಆಲಪ್ಪುಳ ಮೊದಲು, ವಯನಾಡು ಕೊನೆ. ಜಿಲ್ಲೆಯೊಳಗೆ ತಾಲ್ಲೂಕುವಾರು: ಮಾನಂದವಾಡಿ, ಸುಲ್ತಾನ್ ಬತ್ತೇರಿ, ವೈತ್ತಿರಿ. ಮಾನಂದವಾಡಿಯವರು ಹೇಗೋ ಒಳಗೆ ಉಳಿದುಕೊಂಡರು. ಬತ್ತೇರಿ, ವೈತ್ತಿರಿಯವರು ಇಡಿಯಾಗಿ ಹೋದರು. 2011ರ ಜನಗಣತಿಯ ಪ್ರಕಾರ ವಯನಾಡಿನ ಜನಸಂಖ್ಯೆಯಲ್ಲಿ ಪರಿಶಿಷ್ಟ ಪಂಗಡದವರು ಶೇ 18ಕ್ಕೂ ಹೆಚ್ಚು. ಕೇರಳದ ಬೇರಾವ ಜಿಲ್ಲೆಯಲ್ಲೂ ಅಷ್ಟಿಲ್ಲ. ಪಣಿಯರು, ಕುರಿಚ್ಯರು, ಕನ್ನಡಕ್ಕೆ ಹತ್ತಿರದ ಮಾತಾಡುವ ಕಾಟುನಾಯ್ಕರು. ಆ ಹಣ ಯಾರಿಗೆ ಹೆಚ್ಚು ಬೇಕಿತ್ತೋ ಅವರ ಹೆಸರೇ ಅಕ್ಷರಕ್ರಮದ ಬಾಲದಲ್ಲಿತ್ತು.

ಈಗ ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಕ್ಯಾಲ್ಕ್ ಸುಮ್ಮನೆ ಕತ್ತರಿಸಲಿಲ್ಲ. ಸಾಲುಗಳು ಹೆಚ್ಚಾಗಿವೆ, ಮಿಕ್ಕವನ್ನು ಉಳಿಸಿಲ್ಲ ಎಂದು ಅದು ಎಚ್ಚರಿಕೆ ತೋರಿಸುತ್ತದೆ. ಅಂದೂ ತೋರಿಸಿರಬೇಕು. ರಾತ್ರಿ ಹನ್ನೊಂದೂವರೆ, ಮರುದಿನ ಬೆಳಿಗ್ಗೆ ಐದಕ್ಕೆ ಎರ್ನಾಕುಲಂ ಜಂಕ್ಷನ್ನಿನಿಂದ ವಂಚಿನಾಡ್ ಎಕ್ಸ್‌ಪ್ರೆಸ್ ಹಿಡಿದು ತಿರುವನಂತಪುರಕ್ಕೆ ಹೋಗಬೇಕಿತ್ತು. ನಾನು ಸರಿ ಒತ್ತಿದೆ. ಏನಿತ್ತು ಎಂದು ಓದಿದ ನೆನಪೂ ಇಲ್ಲ.

ಓದದೆ ಏಕೆ ಒತ್ತಿದೆ ಎಂಬುದು ನನ್ನನ್ನು ಬಹಳ ದಿನ ಕೊರೆಯಿತು. ಲಿಬ್ರೆಆಫೀಸ್ ಬಳಸುವವರಿಗೆ ಗೊತ್ತಿರುತ್ತದೆ: ಬೇರೆ ಪ್ರೋಗ್ರಾಮಿನ ಮಾದರಿಯಲ್ಲಿ ಸೇವ್ ಮಾಡಲು ಹೋದರೆ, ಈ ಮಾದರಿಯಲ್ಲಿ ಕೆಲವು ಸಂಗತಿ ಉಳಿಯದೇ ಹೋಗಬಹುದು, ಹೀಗೇ ಇಡಲೇ ಇಲ್ಲವೇ ಒಡಿಎಫ್‌ನಲ್ಲಿ ಇಡಲೇ ಎಂದು ಕೇಳುವ ಚೌಕ ಬರುತ್ತದೆ. ನಾಲ್ಕು ಸಾಲಿನ ಮನೆಖರ್ಚಿನ ಪಟ್ಟಿಗೂ ಬರುತ್ತದೆ, ಅರವತ್ತೆಂಟು ಸಾವಿರ ಮಕ್ಕಳ ಪಟ್ಟಿಗೂ ಬರುತ್ತದೆ. ದಿನಕ್ಕೆ ಇಪ್ಪತ್ತು ಸಲ "ಹೌದು ಮಾರಾಯ, ಇಡು" ಎಂದು ಒತ್ತಿ ಒತ್ತಿ ಬೆರಳಿಗೆ ಅಭ್ಯಾಸವಾಗಿಬಿಡುತ್ತದೆ. ಅದರ ಹಿಂದೆಯೇ ನಿಜವಾದ ಎಚ್ಚರಿಕೆ ಬಂದರೆ ಬೆರಳು ಅದನ್ನೂ ಅದೇ ಜಾತಿಗೆ ಸೇರಿಸುತ್ತದೆ. ಎಕ್ಸೆಲ್‌ನಲ್ಲಿ ಹಳೆಯ ಮಾದರಿಗೆ ಇಳಿಸುವಾಗ ಬರುವ ಕಂಪ್ಯಾಟಿಬಿಲಿಟಿ ಚೆಕರ್ ಕನಿಷ್ಠ ಒಂದು ಉಪಕಾರ ಮಾಡುತ್ತದೆ, ಸಣ್ಣ ನಷ್ಟ ಯಾವುದು, ದೊಡ್ಡ ನಷ್ಟ ಯಾವುದು ಎಂದು ಬೇರೆ ಬೇರೆ ತೋರಿಸುತ್ತದೆ. ಆದರೂ ಅದನ್ನು ಪೂರ್ತಿ ಓದಿದ ಒಬ್ಬ ಗುಮಾಸ್ತರನ್ನಾಗಲಿ ಒಬ್ಬ ಎಂಜಿನಿಯರನ್ನಾಗಲಿ ನಾನು ಇನ್ನೂ ಕಂಡಿಲ್ಲ.

ಸಾಲು ಕತ್ತರಿಸಿ ಹೋಗುವುದು ಕಣ್ಣಿಗೆ ಕಾಣುವ ನಷ್ಟ. ಕಾಣದವು ಬೇರೆ ಇವೆ. ಹಳೆಯ ಮಾದರಿಯಲ್ಲಿ ಒಂದು ಫೈಲಿಗೆ 56 ಬಣ್ಣಗಳ ಪೆಟ್ಟಿಗೆ ಮಾತ್ರ. ನಮ್ಮ ಕಚೇರಿಗಳಲ್ಲಿ ಬಣ್ಣವೇ ಭಾಷೆ: ತಿಳಿಹಳದಿ ಅಂದರೆ ಪರಿಶೀಲನೆ ಬಾಕಿ, ಸ್ವಲ್ಪ ಗಾಢ ಹಳದಿ ಅಂದರೆ ಮಂಜೂರು. ಹತ್ತು ಜನ ಹತ್ತು ಬಣ್ಣ ಬಳಿದ ಹಾಳೆಯಲ್ಲಿ ಬಣ್ಣಗಳು 56 ದಾಟಿದರೆ ಹತ್ತಿರದವನ್ನು ಒಂದಾಗಿಸಲೇಬೇಕು. ಬಾಕಿಯೂ ಮಂಜೂರೂ ಒಂದೇ ಹಳದಿಯಾದರೆ ಯಾವ ಎಚ್ಚರಿಕೆಯೂ ನಮ್ಮನ್ನು ಕಾಯುವುದಿಲ್ಲ. ಷರತ್ತಿನ ಮೇಲೆ ಬಣ್ಣ ಬದಲಾಗುವ ವ್ಯವಸ್ಥೆಯಲ್ಲಿ ಒಂದು ಕೋಶಕ್ಕೆ ಮೂರೇ ಷರತ್ತು. ಸಮ್‌ಇಫ್ಸ್, ಇಫ್‌ಎರರ್ ಮುಂತಾದ ಸೂತ್ರಗಳು ಎಕ್ಸೆಲ್‌ಗೆ ಬಂದದ್ದೇ 2007ರಲ್ಲಿ. ಅವನ್ನು ಹಾಕಿದ ಹಾಳೆಯನ್ನು 2003ರ ಎಕ್ಸೆಲ್ ಇರುವ ಹಳೆಯ ಕಂಪ್ಯೂಟರಿನಲ್ಲಿ ತೆರೆದು ಮತ್ತೆ ಲೆಕ್ಕ ಹಾಕಿಸಿದರೆ ಮೊತ್ತದ ಜಾಗದಲ್ಲಿ ಈ ಹೆಸರು ಗೊತ್ತಿಲ್ಲ ಎಂಬ ದೋಷಸೂಚನೆ ಬರುತ್ತದೆ.

ತಮಾಷೆಯೆಂದರೆ ಹಳೆಯ ಪ್ರೋಗ್ರಾಮಿನ ಹೊರೆ ಹೊರುವುದು ಎಕ್ಸೆಲ್‌ಗೂ ತಪ್ಪಿಲ್ಲ. ಎಕ್ಸೆಲ್‌ನಲ್ಲಿ ಒಂದು ಕೋಶದಲ್ಲಿ 60 ಎಂದು ಬರೆದು ಅದನ್ನು ತಾರೀಖಾಗಿ ತೋರಿಸು ಎಂದರೆ 1900ರ ಫೆಬ್ರವರಿ 29 ಎನ್ನುತ್ತದೆ. 1900 ಅಧಿಕ ವರ್ಷವೇ ಅಲ್ಲ, ಅಂಥದ್ದೊಂದು ದಿನ ಬರಲೇ ಇಲ್ಲ. ಆಗ ಮಾರುಕಟ್ಟೆ ಆಳುತ್ತಿದ್ದ ಲೋಟಸ್ 1-2-3 ಆ ತಪ್ಪು ಮಾಡಿತ್ತು, ಅದರ ಫೈಲುಗಳು ಸರಿಯಾಗಿ ತೆರೆದುಕೊಳ್ಳಲಿ ಎಂದು ಮೈಕ್ರೋಸಾಫ್ಟ್ ಗೊತ್ತಿದ್ದೇ ಆ ತಪ್ಪನ್ನು ಎತ್ತಿಕೊಂಡಿತು. ಕ್ಯಾಲ್ಕ್ ಅದೇ 60ಕ್ಕೆ ಫೆಬ್ರವರಿ 28 ಎನ್ನುತ್ತದೆ. ಮಾರ್ಚ್ 1ರಿಂದ ಇಬ್ಬರೂ ಒಂದೇ ದಾರಿ. ಲೋಟಸ್ ಹೋಯಿತು, ಆ ಇಲ್ಲದ ದಿನ ಇನ್ನೂ ಇದೆ.

ನಮ್ಮ ಊರಿನವರಿಗೆ ಇದನ್ನು ಹೇಳುವಾಗ ನಾನು ನುಡಿ, ಬರಹದ ಉದಾಹರಣೆ ಕೊಡುತ್ತೇನೆ. ಅಪ್ಪ ಸಾಗರದ ಹತ್ತಿರದ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಸದಸ್ಯರ ಪಟ್ಟಿ ಹಳೆಯ ನುಡಿ ಫಾಂಟಿನಲ್ಲಿತ್ತು. ಆ ಫೈಲನ್ನು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದರೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ, ನಡುನಡುವೆ ಟೋಪಿ ಹಾಕಿದ ಅಕ್ಷರಗಳು. ಒಳಗೆ ಇದ್ದದ್ದು ಕನ್ನಡವಲ್ಲ, ಕನ್ನಡದ ಹಾಗೆ ಕಾಣಿಸುವ ವೇಷ ಮಾತ್ರ. ಫಾಂಟ್ ತೆಗೆದರೆ ವೇಷ ಕಳಚಿ ಬೀಳುತ್ತದೆ. ಕನ್ವರ್ಟರ್ ಹಾಕಿ ಸರಿಮಾಡಿದೆವು, ಆದರೂ ಕೆಲವು ಒತ್ತಕ್ಷರಗಳನ್ನು ಅಪ್ಪ ಪೆನ್ಸಿಲ್ ಹಿಡಿದು ಕುಳಿತೇ ತಿದ್ದಬೇಕಾಯಿತು. ಯೂನಿಕೋಡ್ ಬಂದ ಮೇಲೂ ಅಪಾಯ ಪೂರ್ತಿ ತಪ್ಪಿಲ್ಲ. ಎಕ್ಸೆಲ್‌ನಲ್ಲಿ ಕನ್ನಡ ಹೆಸರುಗಳ ಹಾಳೆಯನ್ನು ಸಾದಾ ಸಿಎಸ್‌ವಿ ಎಂದು ಸೇವ್ ಮಾಡಿ ನೋಡಿ, ಹೆಸರಿನ ಜಾಗದಲ್ಲೆಲ್ಲ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ. ಯುಟಿಎಫ್-8 ಎಂದು ಬರೆದ ಇನ್ನೊಂದು ಸಿಎಸ್‌ವಿ ಆಯ್ಕೆ ಅದೇ ಪಟ್ಟಿಯಲ್ಲಿದೆ, ಅದನ್ನೇ ಆರಿಸಬೇಕು. ಊರು ಬಿಟ್ಟ ಕನ್ನಡ ಸಂಘಗಳ ಸದಸ್ಯರ ಪಟ್ಟಿ ಇಟ್ಟುಕೊಂಡವರು ಇದೊಂದನ್ನು ಇವತ್ತೇ ನೋಡಿಕೊಂಡರೆ ಒಳ್ಳೆಯದು.

ಮತ್ತೆ ತಿರುವನಂತಪುರಕ್ಕೆ ಬರುತ್ತೇನೆ. ಪಟ್ಟಿ ಸರಿಮಾಡಿಸಲು ಆ ಕಚೇರಿಗೆ ಹೋದಾಗ ಅಪ್‌ಲೋಡ್ ನೋಡಿಕೊಳ್ಳುವ ಹಿರಿಯ ಗುಮಾಸ್ತೆ ನನ್ನನ್ನು ಕೂರಿಸಿ ಕಟ್ಟನ್ ಚಾಯ ತರಿಸಿದರು. ಬೈಗುಳಕ್ಕೆ ತಯಾರಾಗಿ ಹೋಗಿದ್ದ ನನಗೆ ಅದೇ ಹೆಚ್ಚು ನೋವಾಯಿತು. "ಚೇಚೀ, ಈ ಪೋರ್ಟಲ್‌ಗೆ ಹಳೆಯ ಮಾದರಿಯೇ ಆಗಬೇಕು ಅಂತ ಯಾರು ಹೇಳಿದ್ದು?" ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ನಾನು ಬಂದಾಗಿಂದ ಹೀಗೇ ಮೋನೇ" ಎಂದರು. ಅಧಿಕಾರಿಯನ್ನು ಕೇಳಿದೆ, ಪೋರ್ಟಲ್ ಮಾಡಿದ ಕಂಪನಿಯನ್ನು ಕೇಳಿ ಎಂದರು. ಕಂಪನಿಯವರು, ಟೆಂಡರಿನಲ್ಲಿ ಹಾಗೆ ಬರೆದಿತ್ತು ಎಂದರು. ಟೆಂಡರ್ ಬರೆದವರು ನಿವೃತ್ತರಾಗಿದ್ದರು.

ಪೋರ್ಟಲ್‌ನ ಕಥೆಯೂ ಹೀಗೇ. ನಾವು ಕಳಿಸಿದ ಪತ್ರದಲ್ಲಿ ಒಟ್ಟು 68,911 ಎಂದು ಬರೆದಿತ್ತು. ಪೋರ್ಟಲ್ ಫೈಲು ನುಂಗಿ ಹಸಿರು ಅಕ್ಷರದಲ್ಲಿ "ಅಪ್‌ಲೋಡ್ ಯಶಸ್ವಿ" ಎಂದಿತು. ಎಷ್ಟು ಹೆಸರು ಬಂದವು ಎಂದು ಅದು ಹೇಳಲಿಲ್ಲ, ನಾವೂ ಕೇಳಲಿಲ್ಲ. ಎರಡು ಸಂಖ್ಯೆಯನ್ನು ಅಕ್ಕಪಕ್ಕ ಇಟ್ಟು ನೋಡುವ ಕೆಲಸ ಯಾರ ಪಾಲಿಗೂ ಬಂದಿರಲಿಲ್ಲ.

ಇದೆಲ್ಲ ನಡೆದದ್ದು ಯಾವ ಊರಿನಲ್ಲಿ ನೋಡಿ. 2001ರ ಜುಲೈನಲ್ಲಿ ರಿಚರ್ಡ್ ಸ್ಟಾಲ್ಮನ್ ಬಂದು ಭಾರತದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಉದ್ಘಾಟಿಸಿದ್ದು ತಿರುವನಂತಪುರದಲ್ಲೇ. ಮುಕ್ತ ತಂತ್ರಾಂಶಕ್ಕಾಗಿಯೇ ಸರ್ಕಾರ ಕಟ್ಟಿದ ಐಸಿಫಾಸ್ ಸಂಸ್ಥೆ ಇರುವುದೂ ಅಲ್ಲೇ. ಕೇರಳದ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಎಂದು ಶುರುವಾಗಿ 2017ರಲ್ಲಿ ಕೈಟ್ ಎಂಬ ಕಂಪನಿಯಾದ ಯೋಜನೆ ಮಕ್ಕಳಿಗೆ ಕಲಿಸುವುದು ಲಿನಕ್ಸ್, ಲಿಬ್ರೆಆಫೀಸ್. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೂಡ ಹೈಸ್ಕೂಲಿನಲ್ಲೇ ಕ್ಯಾಲ್ಕ್ ಹಾಳೆ ತೆರೆದು ಅಂಕಪಟ್ಟಿ ಮಾಡುತ್ತಾರೆ. ನಮ್ಮ ಮಲೆನಾಡಿನ ಹೈಸ್ಕೂಲಿನಲ್ಲಿ ನಾನು ಕಂಪ್ಯೂಟರಿಗೆ ಹೊದೆಸಿದ ಬಟ್ಟೆ ಮಾತ್ರ ನೋಡಿದ್ದೆ. ಇಷ್ಟು ಕಲಿತ ಹುಡುಗಿ ನಾಳೆ ಕೆಲಸಕ್ಕೆ ಸೇರಿದ ಮೊದಲ ದಿನವೇ ಅವಳಿಗೆ, ಅವಳು ಹುಟ್ಟುವ ಮೊದಲಿನ ಎಕ್ಸೆಲ್ ಮಾದರಿಯಲ್ಲಿ ಉಳಿಸಿ ಕಳಿಸು ಎನ್ನುತ್ತಾರೆ.

ದೇಶದ ಮಟ್ಟದಲ್ಲೂ ನಿಯಮಕ್ಕೆ ಬರವಿಲ್ಲ. ಒಡಿಎಫ್ 2006ರಲ್ಲೇ ಅಂತರರಾಷ್ಟ್ರೀಯ ಮಾನಕವಾಯಿತು. ಮೈಕ್ರೋಸಾಫ್ಟಿನ ಹೊಸ ಮಾದರಿಯನ್ನು ಮಾನಕ ಮಾಡುವ ಪ್ರಸ್ತಾವಕ್ಕೆ ಭಾರತೀಯ ಮಾನಕ ಬ್ಯೂರೊ 2007ರಲ್ಲೂ 2008ರಲ್ಲೂ ವಿರುದ್ಧ ಮತ ಹಾಕಿತು. ಇ-ಆಡಳಿತದಲ್ಲಿ ಮುಕ್ತ ಮಾನಕಗಳನ್ನೇ ಬಳಸಬೇಕೆಂಬ ಕೇಂದ್ರದ ನೀತಿ ಬಂದದ್ದು 2010ರ ನವೆಂಬರ್‌ನಲ್ಲಿ. ಎಕ್ಸೆಲ್ 2003ಕ್ಕೆ ಅದನ್ನು ಮಾಡಿದವರೇ 2014ರ ಏಪ್ರಿಲ್‌ನಲ್ಲಿ ಕೈಬಿಟ್ಟರು. ಇಷ್ಟಾದರೂ ಅದರ ಫೈಲು ಮಾತ್ರ ನಮ್ಮ ಪೋರ್ಟಲ್‌ಗಳ ಬಾಗಿಲಲ್ಲಿ ಕಾವಲುಗಾರನಾಗಿ ನಿಂತಿದೆ.

ನಮ್ಮಲ್ಲಿ ಮಾತ್ರ ಹೀಗೆ ಎಂದು ಮೂಗು ಮುರಿಯಬೇಕಿಲ್ಲ. ಸರ್ಕಾರಿ ದಾಖಲೆಗಳ ವಿನಿಮಯಕ್ಕೆ ಒಡಿಎಫ್ ಎಂದು ಬ್ರಿಟನ್ 2014ರ ಜುಲೈನಲ್ಲೇ ಘೋಷಿಸಿತ್ತು. ಅದೇ ಬ್ರಿಟನ್ನಿನಲ್ಲಿ 2020ರ ಕೋವಿಡ್ ಕಾಲದಲ್ಲಿ ಪ್ರಯೋಗಾಲಯಗಳ ವರದಿಯನ್ನು ಇದೇ ಹಳೆಯ ಎಕ್ಸ್‌ಎಲ್‌ಎಸ್ ಹಾಳೆಗೆ ತುಂಬುತ್ತಿದ್ದರು. ಒಬ್ಬೊಬ್ಬರ ವರದಿಗೆ ಹಲವು ಸಾಲು ಬೇಕಾಗುತ್ತಿದ್ದುದರಿಂದ ಹಾಳೆ ಬೇಗ ತುಂಬಿತು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಸೋಂಕಿತರು ದಿನದ ಲೆಕ್ಕದಿಂದ ಬಿಟ್ಟುಹೋದರು. ಸೋಂಕಿತರಿಗೆ ಅವರ ಫಲಿತಾಂಶ ತಿಳಿದಿತ್ತು, ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ದಿನಗಟ್ಟಲೆ ತಡವಾಯಿತು. ಆ ಸುದ್ದಿಯನ್ನು ನಾನು ಓದಿದ್ದೆ, ಕೊಚ್ಚಿಯ ಬಾಡಿಗೆ ಮನೆಯಲ್ಲಿ ಕುಳಿತು ನಕ್ಕೂ ಇದ್ದೆ.

ಹೀಗಾಗಿ ನನ್ನ ಅಭಿಪ್ರಾಯ ನೇರ. ಯಾವ ಮಾದರಿಯ ಫೈಲು ತೆಗೆದುಕೊಳ್ಳುತ್ತೇವೆ ಎಂಬುದು ಕಂಪ್ಯೂಟರ್ ವಿಭಾಗದ ಹುಡುಗನಿಗೆ ಬಿಡುವ ವಿಷಯವಲ್ಲ. ಅರ್ಜಿಗೆ ಯಾವ ದಾಖಲೆ ಬೇಕು, ಕೊನೆಯ ದಿನ ಯಾವುದು ಎಂಬಷ್ಟೇ ಅದು ಆಡಳಿತದ ತೀರ್ಮಾನ; ಅದಕ್ಕೆ ಸಹಿ ಹಾಕಿದವರ ಹೆಸರಿರಬೇಕು, ಕಾರಣ ಬರೆದಿರಬೇಕು, ಕೆಲವು ವರ್ಷಕ್ಕೊಮ್ಮೆ ಮರುಪರಿಶೀಲನೆಯಾಗಬೇಕು. ಒಡಿಎಸ್ ಇಲ್ಲವೇ ಯುಟಿಎಫ್-8 ಸಿಎಸ್‌ವಿ ತೆಗೆದುಕೊಳ್ಳುವ ಹಾಗೆ ಪೋರ್ಟಲ್ ತಿದ್ದುವುದು, ನನ್ನ ಅನುಭವದಲ್ಲಿ, ಒಬ್ಬ ಎಂಜಿನಿಯರಿನ ಒಂದು ವಾರದ ಕೆಲಸ. ಏರಿಸಿದ ಕೂಡಲೇ "ನಿಮ್ಮ ಫೈಲಿನಲ್ಲಿ ಇಷ್ಟು ಹೆಸರು ಸಿಕ್ಕಿವೆ, ಮೊದಲನೆಯದು ಇದು, ಕೊನೆಯದು ಇದು" ಎಂದು ತೋರಿಸುವುದು ಒಂದು ಮಧ್ಯಾಹ್ನದ್ದು. ಆ ಎರಡನೆಯದೊಂದಿದ್ದರೆ ಸಾಕಿತ್ತು, ಕೊನೆಯ ಹೆಸರು ಮಾನಂದವಾಡಿಯದ್ದು ಎಂದು ಕಂಡ ಕೂಡಲೇ ಚೇಚಿಗೇ ಗೊತ್ತಾಗುತ್ತಿತ್ತು. ಅವರಿಗೆ ಕೇರಳದ ತಾಲ್ಲೂಕುಗಳು ಬಾಯಿಪಾಠ.

ಹೊಸ ಎಕ್ಸ್‌ಎಲ್‌ಎಸ್‌ಎಕ್ಸ್ ಬಳಸಿದರೆ ಆಯಿತಲ್ಲ ಎನ್ನುವ ಗೆಳೆಯರಿದ್ದಾರೆ. ಸಾಲಿನ ಮಟ್ಟಿಗೆ ಸರಿ. ಆದರೆ ಕ್ಯಾಲ್ಕ್‌ನಿಂದ ಅದಕ್ಕೆ ಇಳಿಸುವುದೂ ಬೇರೆಯವರ ಮನೆಯ ಪಾತ್ರೆಗೆ ಸುರಿದ ಹಾಗೆಯೇ. ಚಾರ್ಟು, ಮ್ಯಾಕ್ರೋ, ಫಾರ್ಮು ಇರುವ ಹಾಳೆಗಳನ್ನು ಹಿಂದಿರುಗಿ ತೆರೆದು ನೋಡದೆ ನಾನು ನಂಬುವುದಿಲ್ಲ. ಮೂಲವನ್ನು ನಿಮ್ಮ ಪ್ರೋಗ್ರಾಮಿನ ಸ್ವಂತ ಮಾದರಿಯಲ್ಲೇ ಇಡಿ, ಬೇರೆಯವರಿಗೆ ಕೊಡುವುದು ಬರೀ ನಕಲು ಆಗಿರಲಿ, ನಕಲಿನಲ್ಲಿ ಎಂದೂ ತಿದ್ದುಪಡಿ ಮಾಡಬೇಡಿ. ನಾನು ಆ ದಿನ ಮೂಲವನ್ನು ಒಡಿಎಸ್‌ನಲ್ಲಿ ಬೇರೆಯಾಗಿ ಇಟ್ಟಿದ್ದರಿಂದಲೇ 3,376 ಹೆಸರು ಮತ್ತೆ ಸಿಕ್ಕವು. ಹಳೆಯ ಫೈಲಿನ ಮೇಲೆಯೇ ಉಳಿಸಿ ಮುಚ್ಚಿದ್ದರೆ ಶಾಲೆ ಶಾಲೆಗೂ ಫೋನ್ ಮಾಡುತ್ತ ಕೂರಬೇಕಿತ್ತು.

ಸಿಕ್ಕವು ಎಂದೆ, ಹಣ ಕೂಡಲೇ ಸಿಗಲಿಲ್ಲ. ಪೂರಕ ಪಟ್ಟಿ, ಅದಕ್ಕೊಂದು ಟಿಪ್ಪಣಿ, ಮಂಜೂರಾತಿ ಎಂದು ಏಳು ವಾರ ಹಿಡಿಯಿತು. ಡಿಸೆಂಬರ್‌ನಲ್ಲಿ ಬತ್ತೇರಿಯ ಮುಖ್ಯೋಪಾಧ್ಯಾಯರು ಮತ್ತೆ ಫೋನ್ ಮಾಡಿದರು. ಜಗಳವಾಡಲಿಲ್ಲ. ಹಣ ಬಂದಿದೆ, ಆದರೆ ಇಬ್ಬರು ಮಕ್ಕಳು ಓಣಂ ರಜೆಯ ಮೇಲೆ ಶಾಲೆಗೆ ಸರಿಯಾಗಿ ಬರುತ್ತಿಲ್ಲ, ಮನೆಯವರ ಜೊತೆ ಕೊಡಗಿನ ತೋಟಕ್ಕೆ ಹೋಗಿದ್ದಾರೆ ಎಂದರು. ಹಣ ಮೊದಲೇ ಬಂದಿದ್ದರೆ ಹೋಗುತ್ತಿರಲಿಲ್ಲವೇ ಎಂದು ನಾನು ಕೇಳಿದೆ. "ಅದು ಹೇಗೆ ಹೇಳೋದು ಸರ್" ಎಂದರು.

ಪೋರ್ಟಲ್ ಬದಲಿಸಿ ಎಂದು ನಾವು ಕೊಟ್ಟ ಪತ್ರ ಇನ್ನೂ ಕಡತದಲ್ಲಿದೆ. ಈ ವರ್ಷವೂ ಎಕ್ಸ್‌ಎಲ್‌ಎಸ್ಸೇ. ನಾನೊಂದು ಸಣ್ಣ ಸ್ಕ್ರಿಪ್ಟ್ ಬರೆದು ಪಟ್ಟಿಯನ್ನು ಜಿಲ್ಲೆಗೊಂದರಂತೆ 14 ಫೈಲುಗಳಾಗಿ ಒಡೆದಿದ್ದೇನೆ. ಪ್ರತಿ ಫೈಲನ್ನೂ ಸೇವ್ ಮಾಡಿದ ಮೇಲೆ ಅದೇ ತೆರೆದು ಹೆಸರು ಎಣಿಸುತ್ತದೆ, ಮೂಲದ ಲೆಕ್ಕಕ್ಕೆ ಹೊಂದದಿದ್ದರೆ ಅಲ್ಲೇ ನಿಲ್ಲುತ್ತದೆ. ಎಣಿಕೆಯ ಒಂದು ಹಾಳೆಯನ್ನು ಮುದ್ರಿಸಿ ಚೇಚಿಯ ಮೇಜಿನ ಗಾಜಿನ ಕೆಳಗೆ ಇಟ್ಟು ಬಂದೆ. ಅಪ್‌ಲೋಡ್ ಶುರು ಮಾಡುವಾಗ ವಯನಾಡಿನದ್ದು ಮೊದಲು ಏರಿಸುತ್ತೇನೆ, ಆಲಪ್ಪುಳದ್ದು ಕೊನೆಗೆ.